ಯಾರ ಮನೆಗೂ ಬಾರದವಳು

ನಮ್ಮ ಸೀಮೆಯಲ್ಲಿ ಗಂಡಸು ಪರ ಊರಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆಯಿಂದ ಸಂಜೆತನಕ ಕಾಲು ಚಾಚಿ ಕೂತರೂ ಯಾರೂ ಏನೂ ಕೇಳುವುದಿಲ್ಲ. ಅದೇ ಐವತ್ತು ದಾಟಿದ ಹೆಂಗಸೊಬ್ಬಳು ಕೈಯಲ್ಲೊಂದು ಚೀಲ ಹಿಡಿದು ಓಣಿಯಲ್ಲಿ ನಿಧಾನಕ್ಕೆ ನಡೆದರೆ ಮೂರನೇ ಮನೆ ದಾಟುವುದರೊಳಗೆ ಪ್ರಶ್ನೆ ಬರುತ್ತದೆ. "ಯಾರ ಮನಿಗೆ ಬಂದೀರಿ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ದಾರಿ ತೋರಿಸುವುದಕ್ಕೆಂದೇ ಕೇಳುತ್ತಾರೆ. ಆದರೆ ಯಾರ ಮನೆಗೂ ಬಂದಿಲ್ಲ ಅಂದರೆ ಅವರಿಗೆ ತಿಳಿಯುವುದಿಲ್ಲ, ತಿಳಿಸಿ ಹೇಳುವ ತಾಳ್ಮೆ ನನಗಿಲ್ಲ. ತಾಳ್ಮೆಯಿಲ್ಲದ ಈ ಗುಣದಿಂದಲೇ ಹಡಗಲಿಯ ಒಂದು ಹುಡುಗಿಯ ಹೆಚ್ಚುಕಡಿಮೆ ಗೊತ್ತಾಗಿದ್ದ ಮದುವೆ ಮುರಿದು ಬೀಳುವ ತನಕ ಹೋಯಿತು. ಅದನ್ನೇ ಬರೆಯುತ್ತಿದ್ದೇನೆ.

ನನ್ನ ತವರು ಗುಡೇಕೋಟೆ, ಕೊಟ್ಟದ್ದು ಕೂಡ್ಲಿಗಿಗೆ. ನನ್ನ ಗಂಡನದು ತೂಕದ ಯಂತ್ರ ರಿಪೇರಿ ಮಾಡುವ ಕೆಲಸ. ಕಿರಾಣಿ ಅಂಗಡಿಯ ಮೇಜಿನ ಮೇಲಿರುವ ಸಣ್ಣದರಿಂದ ಹಿಡಿದು ಶೇಂಗಾ ಮೂಟೆ ತೂಗುವ ದೊಡ್ಡದರವರೆಗೆ ಎಲ್ಲ ಇವರ ಕೈಗೇ ಬರುತ್ತವೆ. ಕೂಡ್ಲಿಗಿ ಬಿಟ್ಟರೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಸರದಿಯ ಮೇಲೆ ಊರು ತಿರುಗುತ್ತಾರೆ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಅವರೊಬ್ಬರೇ ತಿರುಗಿದರು, ನಾನು ಮನೆಯಲ್ಲಿದ್ದೆ. ಟೂರಿಸ್ಟ್ ಬಸ್ಸಿನಲ್ಲಿ ಕಾಶಿಗೆ ಹೋಗಿ ಬಂದಿದ್ದೆ, ಒಂದೂವರೆ ಗಂಟೆ ದೂರದ ಹಡಗಲಿ ನೋಡಿರಲಿಲ್ಲ. ಇದರಲ್ಲಿ ವಿಚಿತ್ರವೇನಿಲ್ಲ, ನಮ್ಮ ಓಣಿಯ ಹೆಂಗಸರೆಲ್ಲ ಹೀಗೇ. ನೆಂಟರಿಲ್ಲದ ಊರಿಗೆ ಯಾರು ಹೋಗುತ್ತಾರೆ.

ಎರಡು ವರ್ಷದ ಹಿಂದೆ ಕೊಟ್ಟೂರು ರಸ್ತೆಯಲ್ಲಿ ಅವರಿಗೆ ತಲೆ ಸುತ್ತಿ ಬಂತು. ವ್ಯಾನು ಪಕ್ಕಕ್ಕೆ ನಿಲ್ಲಿಸಿ ಅರ್ಧ ತಾಸು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದರಂತೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಒಬ್ಬರೇ ಹೋಗಬಾರದು ಎಂದರು. ಜೊತೆಗೆ ಕಳಿಸಲು ನಮಗೆ ಯಾರಿದ್ದಾರೆ? ಇದ್ದೊಬ್ಬ ಮಗಳು ಹೊಸಪೇಟೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಹಾಗಾಗಿ ರೊಟ್ಟಿ ಡಬ್ಬಿ ಕಟ್ಟಿಕೊಂಡು ನಾನೇ ವ್ಯಾನು ಹತ್ತಿದೆ. ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ಬಿಚ್ಚುವುದು, ಅವರು ಉಂಡು ಗುಳಿಗೆ ನುಂಗುವುದನ್ನು ಕಣ್ಣಾರೆ ನೋಡುವುದು. ನನ್ನ ನೌಕರಿ ಇಷ್ಟೇ.

ಉಳಿದ ಹೊತ್ತು ಏನು ಮಾಡುವುದು? ಮೊದಲ ಸಲ ಕೊಟ್ಟೂರಿನ ಅಂಗಡಿಯೊಂದರಲ್ಲಿ ನನಗೆ ಸ್ಟೂಲು ಹಾಕಿ ಕೂಡಿಸಿದರು. ನಾನು ಕೂತ ಮೇಲೆ ಅಂಗಡಿಯವರಿಗೆ ಬಾಯಿ ಕಟ್ಟಿದಂತಾಯಿತು. ಬೈಯಬೇಕಾದಲ್ಲಿ ಬೈಯಲಾರರು, ಹರಟೆ ಹೊಡೆಯಲಾರರು, ಅರ್ಧ ತಾಸಿಗೊಮ್ಮೆ ನನಗೆ ಚಹಾ ತರಿಸುವುದೊಂದೇ. ಮೂರನೇ ಚಹಾಕ್ಕೆ ನನ್ನವರು ಯಂತ್ರದಿಂದ ತಲೆ ಎತ್ತದೇ, "ಹೋಗಿ ಅಡ್ಡಾಡಿ ಬಾರಲೇ, ಒಂದು ಗಂಟಿಗೆ ಬಂದ್ರ ಸಾಕು" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಕೇಳಿದ ಮಾತುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಅವರಿಗೆ ಹೇಳಿಲ್ಲ.

ಊರು ನೋಡುವುದೆಂದರೆ ನನಗೆ ಗುಡಿ, ಕೋಟೆ ಅಲ್ಲ. ಬೇರೆಯವರ ಮನೆಯ ಕಟ್ಟೆ, ಬೇರೆಯವರ ನೀರಿನ ಡ್ರಮ್ಮು, ಯಾರು ಸಂಡಿಗೆ ಎಲ್ಲಿ ಒಣಹಾಕಿದ್ದಾರೆ, ಯಾರ ಅಡಿಗೆಮನೆಯಿಂದ ಯಾವ ಹೊತ್ತಿಗೆ ಒಗ್ಗರಣೆ ಘಾಟು ಬರುತ್ತದೆ, ಇವು. ಕೊಟ್ಟೂರಿನಲ್ಲಿ ಹತ್ತು ಗಂಟೆಗೇ ಮಿರ್ಚಿ ಕರಿಯುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮನೆಯವರು ಹೊಲಿಗೆ ಮಷೀನನ್ನು ಬಾಗಿಲ ಹೊರಗಿಟ್ಟು ಅದಕ್ಕೂ ಒಂದು ಕೊಡೆ ಕಟ್ಟಿದ್ದರು. ಹರಪನಹಳ್ಳಿಯ ಹೋಟೆಲಿನಲ್ಲಿ ನಾನೊಬ್ಬಳೇ ಹೋಗಿ ಕೂತು ಬೆಣ್ಣೆ ಹಾಕಿದ ದೋಸೆ ತಿಂದೆ. ಒಬ್ಬಳೇ ಹೋಟೆಲಿನಲ್ಲಿ ಕೂತು ತಿಂದದ್ದು ಜನ್ಮದಲ್ಲಿ ಅದೇ ಮೊದಲು. ಸಪ್ಲಾಯರು ಎರಡು ಲೋಟ ನೀರು ತಂದಿಟ್ಟ, ಇನ್ನೊಬ್ಬರು ಬರುತ್ತಾರೆಂದು ಎಷ್ಟೋ ಹೊತ್ತು ಕಾದ.

ತೊಡಕೆಲ್ಲ ಆ ಪ್ರಶ್ನೆಯದು. ಕೊಟ್ಟೂರಿನಲ್ಲಿ "ಗುಡಿಗೆ ಹೊಂಟೀನಿ" ಎಂದರೆ ಮುಗಿಯುತ್ತಿತ್ತು, ಅಲ್ಲಿ ಯಾವ ಓಣಿ ಹಿಡಿದರೂ ಗುಡಿಯ ದಾರಿಯೇ. ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ನೋಡುತ್ತಿದ್ದೇನೆ ಎಂದುಬಿಟ್ಟೆ. ಕೇಳಿದ ಯಜಮಾನರು ಅಂಗಿ ಹಾಕಿಕೊಂಡು ಬಂದು ಮೂರು ಮನೆ ತೋರಿಸಿದರು, ಮೂರೂ ಮಹಡಿಯ ಮೇಲೆ. ಮೊಣಕಾಲು ನೋವು ಒಂದು ವಾರ ಇಳಿಯಲಿಲ್ಲ. ಹರಪನಹಳ್ಳಿಯಲ್ಲಿ ಇನ್ನು ಸುಳ್ಳೇ ಬೇಡವೆಂದು ಕಟ್ಟೆಯ ಮೇಲಿದ್ದ ಅಜ್ಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಸುಮ್ಮನೆ ಊರು ನೋಡಲು ಬಂದಿದ್ದೇನೆ ಅಂತ. ಅಜ್ಜಿ ನನ್ನ ಮುಖವನ್ನೇ ನೋಡಿ ಸೊಸೆಯನ್ನು ಕರೆದು, "ನೀರು ಕೊಡಮ್ಮಾ ಇವರಿಗೆ, ಮನೇಲಿ ಜಗಳ ಆಡ್ಕೊಂಡು ಬಂದಂಗೈತೆ" ಎಂದಳು. ಸೊಸೆ ನೀರು ಕೊಟ್ಟು ನನ್ನ ಗಂಡನ ಫೋನ್ ನಂಬರು ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು, ಆದರೂ ನೀರು ಕುಡಿದೆ.

ಹೀಗಾಗಿ ಹಡಗಲಿಗೆ ಬರುವ ಹೊತ್ತಿಗೆ ನನಗೆ ಸುಳ್ಳೂ ಸಾಕಾಗಿತ್ತು, ನಿಜವೂ ಸಾಕಾಗಿತ್ತು. ಮೂರನೇ ಸಲವೋ ನಾಲ್ಕನೇ ಸಲವೋ ಹೋದಾಗಿನ ಮಾತು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಐದಾರು ಹೆಂಗಸರು ಕಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಸುರುವಿಕೊಂಡು ಕಟ್ಟುತ್ತಿದ್ದರು. ನಾನೂ ಕೂತು ಒಂದು ಬೊಗಸೆ ಮೊಗ್ಗು ಎಳೆದುಕೊಂಡು ಕಟ್ಟತೊಡಗಿದೆ. ಯಾರೂ ಬೇಡ ಅನ್ನಲಿಲ್ಲ. ನನ್ನ ಕೈ ಚುರುಕು ನೋಡಿ ದಾರದ ಉಂಡೆಯನ್ನೂ ನನ್ನ ಕಡೆ ಉರುಳಿಸಿದರು.

ಸ್ವಲ್ಪ ಹೊತ್ತಿಗೆ ಒಬ್ಬಾಕೆ ಕೇಳಿದಳು, "ಯಾರ ಮನಿಗೆ ಬಂದೀರ್ರಿ ಅಕ್ಕಾರ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು ಅವಳ ತೊಡೆಗೆ ತಿವಿದು, "ಸುಮ್ಮನಿರಬಾರದಾ, ಎಲ್ಲಾನೂ ಕೇಳತಾರೇನು" ಎಂದಳು. ಆಗ ಎಲ್ಲರೂ ನನ್ನತ್ತ ತಿರುಗಿ ಏನೋ ಗೊತ್ತಾದವರ ಹಾಗೆ ನಕ್ಕರು. ಏನು ಗೊತ್ತಾಯಿತೆಂದು ನನಗೂ ಗೊತ್ತಾಯಿತು.

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಇನ್ನೊಂದು ನೋಡುವುದಿದೆ. ಗಂಡಿನ ಕಡೆಯವರು ಗುರುತು ಸಿಗದ ಹಿರಿಯ ಹೆಂಗಸೊಬ್ಬಳನ್ನು ಹುಡುಗಿಯ ಓಣಿಗೆ ಕಳಿಸುತ್ತಾರೆ. ಅವಳು ಬಂದ ಕಾರಣ ಹೇಳುವುದಿಲ್ಲ. ಓಣಿಯವರು ಒಮ್ಮೆ ಕೇಳಿ ಬಿಟ್ಟುಬಿಡುತ್ತಾರೆ. ಇಂಥವಳು ಬಂದು ಹೋದಳೆಂದು ಹುಡುಗಿಯ ತಾಯಿಗೆ ತಿಳಿದರೂ ತಿಳಿಯದ ಹಾಗೆ ಇರುತ್ತಾಳೆ. ಇಷ್ಟರಲ್ಲಿ ಅರ್ಧ ಮದುವೆ ಇತ್ಯರ್ಥವಾಗುತ್ತದೆ. ನಾನು ಆಗಲೇ ಅಲ್ಲವೆನ್ನಬೇಕಿತ್ತು. ಅನ್ನಲಿಲ್ಲ. ಯಾವ ಊರಿನಲ್ಲೂ ಇಷ್ಟು ಸುಲಭವಾಗಿ ನನ್ನನ್ನು ಕೂಡಲು ಬಿಟ್ಟಿರಲಿಲ್ಲ, ಆದ್ದರಿಂದ ನಕ್ಕು ಹೂ ಕಟ್ಟಿದೆ. ಆ ನಗುವೇ ಹೌದೆಂದಾಯಿತು.

ಆಮೇಲೆ ಅವರೇ ಶುರು ಮಾಡಿದರು. ಓಣಿಯಲ್ಲಿ ಮದುವೆಗಿರುವುದು ಒಬ್ಬಳೇ, ನೀಲಿ ಗೇಟಿನ ಮನೆಯ ಹುಡುಗಿ, ಬಿ.ಕಾಂ. ಮಾಡಿ ಝೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಾಳೆ. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಇಲ್ಲ, ಕೇಳಿದೆ. ಅಡಿಗೆ ಬರುತ್ತದೆಯೇ, ಸಿಟ್ಟು ಹೇಗೆ, ಮೊದಲು ಯಾವುದಾದರೂ ಸಂಬಂಧ ಬಂದು ತಪ್ಪಿತ್ತೇ. ಒಬ್ಬಳು ಬಂಗಾರದಂಥ ಹುಡುಗಿ ಎಂದಳು. ಇನ್ನೊಬ್ಬಳು, "ಬಂಗಾರನ, ಆದ್ರ ಬಾಯಿ ಭಾಳ. ಮಾತಿಗೆ ನಿಂತ್ರ ಗಂಡಸರೂ ಹಿಂದ ಸರೀಬೇಕು" ಎಂದಳು, ಎಲ್ಲರೂ ನಕ್ಕೆವು. ಅಷ್ಟರಲ್ಲಿ ಆ ಹುಡುಗಿಯೇ ಬೀಗದ ಕೈ ತಿರುಗಿಸುತ್ತ ನಮ್ಮ ಮುಂದೆ ಹಾದು ಹೋದಳು. ಮಾತು ನಿಂತಿತು. ಎಲ್ಲರ ಜೊತೆ ನಾನೂ ಕನ್ನಡಕ ಸರಿಮಾಡಿಕೊಂಡು ಚೆನ್ನಾಗಿ ನೋಡಿದೆ. ನನಗೆ ಖುಷಿಯಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿತ್ತು. ಅಲ್ಲಿಂದ ಏಳುವಾಗ ಅವರು ಕೊಟ್ಟ ಒಂದು ಮೊಳ ಮಲ್ಲಿಗೆ ಮುಡಿದುಕೊಂಡೇ ಬಂದೆ.

ಎರಡು ವಾರ ಬಿಟ್ಟು ಕೊಟ್ಟೂರಿನಿಂದ ಬರುವಾಗ ನನ್ನವರು ಹೊತ್ತು ಹೋಗಲೆಂದು ಒಂದು ಸುದ್ದಿ ಹೇಳಿದರು. ಹಡಗಲಿಯ ಕಿರಾಣಿ ಅಂಗಡಿಯವರೊಬ್ಬರು ಇವರ ಹಳೇ ಗಿರಾಕಿ. ಅವರ ಅಕ್ಕನನ್ನು ಕೊಟ್ಟದ್ದು ತಂಬ್ರಹಳ್ಳಿಗೆ. ಅಕ್ಕನ ಮಗನಿಗೆ ಹಡಗಲಿಯದೇ ಒಂದು ಹುಡುಗಿಯನ್ನು ನೋಡಿ ಒಪ್ಪಿದ್ದರು. ನಡುವೆ ಯಾರೂ ಕಡ್ಡಿ ಆಡಿಸಬಾರದೆಂದು ಎರಡೂ ಕಡೆಯವರು ಗುಟ್ಟಾಗಿಟ್ಟಿದ್ದರು. "ಈಗ ನೋಡು, ಹುಡುಗಿ ಕಡಿಯವರು ಇನ್ನೊಂದು ಕಡಿಗೂ ತೋರಿಸಾಕ ಹತ್ಯಾರ ಅಂತ ಅಕ್ಕಗ ಸಿಟ್ಟು ಬಂದೈತಿ. ಯಾವಳೋ ಒಬ್ಬಾಕಿ ಬಂದು ಎರಡು ತಾಸು ಕುಂತು ವಿಚಾರಿಸಿ ಹೋದಳಂತ. ಅಮಾಸಿ ಕಳದ ಮ್ಯಾಲೆ ಒಲ್ಲೆವು ಅಂತ ಹೇಳಿ ಕಳಸ್ತಾರಂತ."

"ಯಾವ ಓಣಿ?" ಎಂದೆ.

"ಮಾರ್ಕೆಟ್ ಹಿಂದಿಂದು. ದೊಡ್ಡ ಕನ್ನಡಕ ಹಾಕ್ಕೊಂಡ ಹೆಂಗಸಂತ, ಹೂ ಭಾಳ ಚಲೋ ಕಟ್ಟಿದಳಂತ."

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದೆ. ನನ್ನವರು ರಸ್ತೆ ಬಿಟ್ಟು ನನ್ನ ಕಡೆ ನೋಡಿದರು. ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ. ಕೂಡ್ಲಿಗಿಯಲ್ಲಿ ವ್ಯಾನಿನಿಂದ ಇಳಿಯುವಾಗ, "ಅಮಾಸಿಗೆ ಇನ್ನ ಐದು ದಿನ ಐತಿ" ಎಂದರಷ್ಟೇ.

ಮರುದಿನವೇ ಹಡಗಲಿಗೆ ಹೋದೆವು, ಸರದಿ ಬಿಟ್ಟು. ನೀಲಿ ಗೇಟಿನ ಮುಂದೆ ನಾನೊಬ್ಬಳೇ ನಿಂತೆ. ಹುಡುಗಿಯ ತಾಯಿ ಕನ್ನಡಕ ನೋಡಿಯೇ ನನ್ನ ಗುರುತು ಹಿಡಿದು ಗಡಬಡಿಸಿ ಚಾಪೆ ಹಾಸಿದಳು. ಇಂಥ ಹೆಂಗಸು ಎರಡನೇ ಸಲ ಬಂದಳೆಂದರೆ ಒಪ್ಪಿಗೆಯೇ ಅಲ್ಲವೇ. ನಾನು ಕೂಡದೆ ನಿಂತೇ ಹೇಳಿದೆ, ನಾನು ಯಾವ ಗಂಡಿನ ಕಡೆಯವಳೂ ಅಲ್ಲ, ಗಂಡನ ಜೊತೆ ಬಂದವಳು, ಹೊತ್ತು ಹೋಗದೆ ಊರು ನೋಡುತ್ತ ಬಂದು ಕೂತೆ, ಅವರು ತಪ್ಪು ತಿಳಿದಾಗ ತಿದ್ದಲಿಲ್ಲ.

ಆಕೆಯ ಮುಖ ಇಳಿದುಹೋಯಿತು. ನಂಬಲಿಲ್ಲ ಎಂದಲ್ಲ, ಬೇರೆಯೇ ತಿಳಿದುಕೊಂಡಳು. ಹುಡುಗಿ ಬೇಡವೆಂದಾದಾಗ ಮುಖಕ್ಕೆ ಹೊಡೆದಂತೆ ಹೇಳಬಾರದೆಂದು ನಮ್ಮ ಕಡೆ ಹೀಗೇ ಏನಾದರೊಂದು ಹೇಳುತ್ತಾರೆ. ನಾವು ಅದಕ್ಕೆ ಬಂದಿರಲೇ ಇಲ್ಲ, ಬೇರೆ ಕೆಲಸದ ಮೇಲೆ ಬಂದಿದ್ದೆವು ಎನ್ನುತ್ತಾರೆ. ನಾನು ಹೇಳಿದ ನಿಜ ಅಕ್ಷರಶಃ ಅದೇ ಆಗಿತ್ತು.

"ತಂಬ್ರಹಳ್ಳಿಯವರು ಸುಮ್ಮನಾದ್ರು. ಈಗ ನೀವೂ ಹಿಂಗಂತೀರಿ" ಎಂದಳು ಆಕೆ. "ಆತು ಬಿಡ್ರಿ. ನಮ್ಮ ಹುಡುಗಿಯೊಳಗ ಏನು ಕಡಿಮಿ ಕಂಡಿತು, ಅದೊಂದು ಹೇಳಿ ಹೋಗ್ರಿ ಯಕ್ಕಾ."

ನನಗೆ ಅಳು ಬಂತು. ಅಲ್ಲಿ ಅತ್ತರೆ ಅದಕ್ಕೂ ಇನ್ನೊಂದು ಅರ್ಥ ಹುಟ್ಟೀತೆಂದು ನುಂಗಿಕೊಂಡೆ. ಇನ್ನು ಈ ಮನೆಯಲ್ಲಿ ಎಷ್ಟು ಹೇಳಿದರೂ ಪ್ರಯೋಜನವಿಲ್ಲ, ಹೋಗಬೇಕಾದ್ದು ತಂಬ್ರಹಳ್ಳಿಗೆ ಎಂದು ಹೊಳೆಯಿತು. ಕಿರಾಣಿ ಅಂಗಡಿಗೆ ಬಂದು ನನ್ನವರಿಗೆ ಹೇಳಿದೆ. ಅಂಗಡಿಯವರು ನನ್ನನ್ನೂ ನನ್ನ ಕನ್ನಡಕವನ್ನೂ ನೋಡಿ, ಅಕ್ಕನಿಗೆ ಫೋನ್ ಮಾಡಿ ವ್ಯಾನು ಹತ್ತಿದರು.

ತಂಬ್ರಹಳ್ಳಿಯ ಆ ಅಕ್ಕ ನನ್ನಷ್ಟೇ ವಯಸ್ಸಿನವಳು, ನನ್ನಷ್ಟೇ ಮುಂಗೋಪಿ. ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದವಳು ಮೊರ ಕೆಳಗಿಡಲಿಲ್ಲ. ನಾನು ಮೊದಲಿನಿಂದ ಎಲ್ಲ ಹೇಳಿದೆ. ಕೊಟ್ಟೂರಿನ ಸ್ಟೂಲು, ಬಾಡಿಗೆಯ ಮೂರು ಮಹಡಿ, ಹರಪನಹಳ್ಳಿಯ ಅಜ್ಜಿ, ದೋಸೆ ಒಂದನ್ನೂ ಬಿಡಲಿಲ್ಲ. ಕೊನೆಗೆ ಆಕೆ, "ಕಟ್ಟಿಮ್ಯಾಲ ಕುಂತು ಏನೇನು ಕೇಳಿದಿ?" ಎಂದಳು. ಅಡಿಗೆ ಕೇಳಿದೆ, ಸಿಟ್ಟು ಕೇಳಿದೆ, ಮೊದಲು ಬಂದ ಸಂಬಂಧ ಕೇಳಿದೆ ಎಂದೆ.

"ಬೆಡಗು ಯಾವುದು ಅಂದ್ರು?"

ಅದನ್ನು ಕೇಳಲಿಲ್ಲ ಎಂದೆ. ನೆನಪೇ ಆಗಿರಲಿಲ್ಲ. ಒಂದೇ ಬೆಡಗಿನವರು ನಮ್ಮಲ್ಲಿ ಅಣ್ಣ ತಂಗಿಯರ ಲೆಕ್ಕ, ಲಗ್ನ ಆಗುವ ಹಾಗಿಲ್ಲ. ಹುಡುಗಿ ವಿಚಾರಿಸಲು ಹೋದವರು ಕಾಲು ತೊಳೆಯುವುದಕ್ಕೂ ಮೊದಲು ಕೇಳುವ ಮಾತು ಅದು.

ಆಕೆ ಮೊರ ಕೆಳಗಿಟ್ಟು ತಮ್ಮನ ಕಡೆ ತಿರುಗಿದಳು. "ಈಕಿ ಹೆಣ್ಣು ನೋಡಾಕ ಹೋದಾಕಿ ಅಲ್ಲ ಬಿಡೊ. ಬೆಡಗು ಕೇಳದಂಗ ಯಾವ ಹೆಂಗಸು ಎದ್ದು ಬರ್ತಾಳ?" ಆಮೇಲೆ ನನಗೆ, "ಮನ್ಯಾಗ ಕೆಲಸ ಇಲ್ಲೇನವ್ವಾ ನಿನಗ?" ಎಂದಳು. ಬೇರೆ ಯಾವ ದಿನ ಯಾರಾದರೂ ಈ ಮಾತು ಅಂದಿದ್ದರೆ ನಾನು ಸುಮ್ಮನಿರುವವಳಲ್ಲ. ಅವತ್ತು ತಲೆ ತಗ್ಗಿಸಿಕೊಂಡು ಆಕೆ ಕೊಟ್ಟ ಚಹಾ ಕುಡಿದೆ. ನಮ್ಮೆದುರಿಗೇ ಹಡಗಲಿಗೆ ಫೋನ್ ಮಾಡಿ, ಅಮಾವಾಸ್ಯೆ ಕಳೆದ ಮೇಲೆ ಮಾತು ಕಟ್ಟಲು ಬರುತ್ತೇವೆಂದು ಹೇಳಿದಳು. ದಾರಿಯಲ್ಲಿ ನನ್ನವರು ಉಂಡರು, ಗುಳಿಗೆ ನುಂಗಿದರು. ಮೂರು ಗಂಟೆಯಾಗಿತ್ತು.

ಮುಂದಿನ ಸರದಿಗೆ ಹಡಗಲಿಗೆ ಹೋದಾಗ ನೀಲಿ ಗೇಟಿನ ಮನೆಗೆ ಹೋಗದಿರುವುದು ಸರಿಯಲ್ಲವೆನಿಸಿತು. ತಾಯಿ ಈ ಸಲ ನಿಜವಾಗಿ ನಕ್ಕಳು. ಮಾತು ಮುಗಿದಿತ್ತು, ಮದುವೆಗೆ ದಿನ ನೋಡುತ್ತಿದ್ದರು. ಉಪ್ಪಿಟ್ಟು ಮಾಡಿ ಕೊಟ್ಟಳು, ಮದುವೆಗೆ ಬರಲೇಬೇಕೆಂದಳು. ಕಟ್ಟೆಯ ಹೆಂಗಸರ ಸುದ್ದಿ ತೆಗೆದು ಇಬ್ಬರೂ ನಕ್ಕೆವು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದುಕೊಂಡೆ.

ನಾನು ಏಳುವಾಗ ಹುಡುಗಿಯೂ ಅಂಗಡಿಗೆ ಹೊರಟಿದ್ದಳು, ಓಣಿಯ ತುದಿತನಕ ಜೊತೆಗೆ ಬಂದಳು. ಕಟ್ಟೆಯ ಮೇಲೆ ಹೂವಿನವರು ಇದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಮಾತು ನಿಲ್ಲಿಸಿದರು. ಅವರನ್ನು ದಾಟಿದ ಮೇಲೆಯೇ ಹುಡುಗಿ ಮಾತು ತೆಗೆದಳು. ಬಾಯಿ ಜೋರು ಎಂದು ಕೇಳಿದ್ದೆನಲ್ಲ, ಇಷ್ಟು ಮೆತ್ತಗೆ ಮಾತಾಡುತ್ತಾಳೆಂದು ಎಣಿಸಿರಲಿಲ್ಲ.

"ಅವತ್ತು ನಾನು ಅಂಗಡಿಗೆ ಹೋಗುವಾಗ ನೀವು ಇಲ್ಲೇ ಕುಂತಿದ್ರಿ."

"ಹೌದವ್ವಾ."

"ಎಲ್ಲಾರೂ ಕಾಲಿಂದ ತಲಿತನ ನೋಡಿದ್ರು. ಅವರು ದಿನಾ ನೋಡ್ತಾರ, ನನಗ ರೂಢಿ ಐತಿ. ನೀವೂ ನೋಡಿದ್ರಿ."

ನಾನು ಹೂಂ ಅಂದೆ.

"ಊರು ನೋಡಾಕ ಬಂದಿದ್ದೆ ಅಂತ ಅವ್ವನ ಮುಂದ ಹೇಳಿದ್ರಿ. ನಾನು ನಂಬಿದೆ. ಆದ್ರ ಊರು ನೋಡಾಕ ಬಂದೋರು ನನ್ನ ಯಾಕ ಹಂಗ ನೋಡಿದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಓಣಿಯ ಮೂಲೆ ಬಂದಿತ್ತು. ತಪ್ಪಾಯಿತು ತಾಯಿ ಎಂದೆ. ಅವಳು ಪರವಾಗಿಲ್ಲ ಅನ್ನಲಿಲ್ಲ. ಗಿರಾಕಿಗಳು ಕಾಯುತ್ತಿರುತ್ತಾರೆ, ಬರ್ತೀನ್ರಿ ಎಂದು ಹೇಳಿ ಅಂಗಡಿಯ ಕಡೆ ನಡೆದಳು.